ಮೈಸೆಲ್‌ನೊಳಗೆ ಪಾಸಿಟ್ರಾನ್ ಕಳುಹಿಸುವ ಮೊದಲು

ಡಿಸೆಂಬರಿನ ಒಂದು ಬೆಳಿಗ್ಗೆ, ಬೆಳಗಾವಿಯ ನಮ್ಮ ಪ್ರಯೋಗಾಲಯದಲ್ಲಿ ಸಿಟಿಎಬಿ ಎಂಬ ಸರ್ಫ್ಯಾಕ್ಟಂಟಿನ (ಸಾಬೂನಿನಂಥ ವಸ್ತು) ದ್ರಾವಣದ ತಳದಲ್ಲಿ ಬಿಳಿ ಹರಳುಗಳು ಕುಳಿತಿದ್ದವು. ಪಾಸಿಟ್ರಾನಿನ ಆಯುಸ್ಸು ಅಳೆಯಲು ರಾತ್ರಿಯಿಡೀ ನಡೆದ ಎಣಿಕೆ ವ್ಯರ್ಥವಾಗಿತ್ತು. ಸಿಟಿಎಬಿಯ ಕ್ರಾಫ್ಟ್ ತಾಪಮಾನ ಸುಮಾರು 25 ಡಿಗ್ರಿ. ಅದಕ್ಕಿಂತ ಕೆಳಗೆ ಅದು ಚೆನ್ನಾಗಿ ಕರಗುವುದಿಲ್ಲ, ಮೈಸೆಲ್ (ಬಾಲಗಳು ಒಳಮುಖವಾಗಿ ಸೇರಿದ ಅಣುಗಳ ಗುಂಪು) ಕಟ್ಟುವುದೂ ಇಲ್ಲ. ನಮ್ಮೂರ ಚಳಿಗೆ ಆ ಕೊಠಡಿ ಅಷ್ಟು ಬೆಚ್ಚಗಿರಲಿಲ್ಲ. ಅಂದಿನಿಂದ ಹೊಸ ವಿದ್ಯಾರ್ಥಿಗಳಿಗೆ ಡಿಟೆಕ್ಟರಿಗಿಂತ ಮೊದಲು ಥರ್ಮೋಸ್ಟಾಟ್ ತೋರಿಸುತ್ತೇನೆ. ಮಾದರಿಯನ್ನು 30 ಡಿಗ್ರಿಯಲ್ಲಿಡಿ.

ತತ್ವ ಸರಳ. ಪಾಸಿಟ್ರಾನ್ ಎಂದರೆ ಎಲೆಕ್ಟ್ರಾನಿನ ಪ್ರತಿಕಣ. ಸೋಡಿಯಂ-22 ಪಾಸಿಟ್ರಾನನ್ನು ಹೊರಬಿಟ್ಟೊಡನೆ 1275 ಕೆಇವಿ (ಶಕ್ತಿಯ ಮಾನ) ಗಾಮಾ ಕಿರಣ ಹೊರಡುತ್ತದೆ. ಅದು ಹುಟ್ಟಿನ ಸುದ್ದಿ. ಎಲೆಕ್ಟ್ರಾನ್ ಜೊತೆ ಸೇರಿ ಅಳಿದಾಗ ಬರುವ 511 ಕೆಇವಿ ಕಿರಣ ಸಾವಿನ ಸುದ್ದಿ. ಇವೆರಡರ ನಡುವಿನ ಸಮಯವೇ ಆಯುಸ್ಸು. ಕೆಲವು ಪಾಸಿಟ್ರಾನ್‌ಗಳು ಅಳಿಯುವ ಮೊದಲು ಎಲೆಕ್ಟ್ರಾನ್ ಹಿಡಿದು ಪಾಸಿಟ್ರೋನಿಯಂ ಆಗುತ್ತವೆ. ಅದರ ದೀರ್ಘಾಯುವಾದ ಆರ್ಥೋ ರೂಪ ನಿರ್ವಾತದಲ್ಲಿ 142 ನ್ಯಾನೋಸೆಕೆಂಡ್ ಬದುಕಿದರೆ, ನೀರಿನಲ್ಲಿ ಸುಮಾರು 1.8, ಹೆಕ್ಸೇನ್‌ನಂಥ ಹೈಡ್ರೋಕಾರ್ಬನ್‌ನಲ್ಲಿ ಅದರ ಸರಿಸುಮಾರು ಇಮ್ಮಡಿ. ಮೈಸೆಲ್‌ನ ಒಡಲು ಎಣ್ಣೆಯಂಥ ಬಾಲಗಳಿಂದ ತುಂಬಿರುತ್ತದೆ. ಒಳಗೇನಾಗುತ್ತಿದೆ ಎಂಬುದು ಈ ಅಂತರದಿಂದಲೇ ತಿಳಿಯುತ್ತದೆ.

ಸೋಡಿಯಂ-22 ಮೂಲವಸ್ತುವನ್ನು ತೆಳುವಾದ ಎರಡು ಕ್ಯಾಪ್ಟಾನ್ ಪ್ಲಾಸ್ಟಿಕ್ ಹಾಳೆಗಳ ನಡುವೆ ಒಣಗಿಸಿ ಭದ್ರವಾಗಿ ಮುಚ್ಚಿರಬೇಕು. ವಿಕಿರಣ ಸುರಕ್ಷತಾ ಅಧಿಕಾರಿಯ ಅನುಮತಿಯಿಲ್ಲದೆ ಅದನ್ನು ಮುಟ್ಟಬೇಡಿ. ಅದರ ಎರಡೂ ಬದಿಗೆ ಕನಿಷ್ಠ 2 ಮಿಲಿಮೀಟರ್ ದ್ರಾವಣವಿರಲಿ; ಕಡಿಮೆಯಾದರೆ ಪಾಸಿಟ್ರಾನ್‌ಗಳು ದ್ರಾವಣವನ್ನು ದಾಟಿ ಗಾಜಿನ ಗೋಡೆಯಲ್ಲಿ ಅಳಿಯುತ್ತವೆ.

ಹೆಚ್ಚಿನವರು ಎಡವುವುದು ಗಾಳಿಯ ವಿಷಯದಲ್ಲಿ. ಕರಗಿದ ಆಮ್ಲಜನಕ ಆರ್ಥೋ-ಪಾಸಿಟ್ರೋನಿಯಂನ ಆಯುಸ್ಸನ್ನು ಕಡಿತಗೊಳಿಸುತ್ತದೆ. ಎಣ್ಣೆಯಲ್ಲಿ ಆಮ್ಲಜನಕ ನೀರಿಗಿಂತ ಹೆಚ್ಚು ಕರಗುವುದರಿಂದ ಈ ತೊಂದರೆ ಅಲ್ಲಿ ದೊಡ್ಡದು. ಸಾರಜನಕ ಹಾಯಿಸೋಣವೆಂದರೆ ಸರ್ಫ್ಯಾಕ್ಟಂಟ್ ನೊರೆಯಾಗಿ ಉಕ್ಕಿ ಬರುತ್ತದೆ. ದ್ರಾವಣವನ್ನು ಹೆಪ್ಪುಗಟ್ಟಿಸಿ, ಪಂಪಿನಿಂದ ಗಾಳಿ ಎಳೆದು, ಮತ್ತೆ ಕರಗಿಸಿ. ಮೂರು ಬಾರಿ ಹೀಗೆ ಮಾಡುವುದು ನನ್ನ ರೂಢಿ. ಹೆಪ್ಪುಗಟ್ಟಿದಾಗ ಸಿಟಿಎಬಿ ಬೇರ್ಪಡುತ್ತದೆ, ಆದ್ದರಿಂದ ದ್ರಾವಣ ತಿಳಿಯಾಗುವವರೆಗೆ ಬಿಸಿ ಮಾಡಿ ಕಾಯಲೇಬೇಕು. ಅವಸರಪಟ್ಟರೆ ಮತ್ತೆ ಅದೇ ಹರಳು.

ಮೊದಲ ಅಳತೆ ಶುದ್ಧ ನೀರಿನದಾಗಿರಲಿ. ಆಯುಸ್ಸು 1.8 ನ್ಯಾನೋಸೆಕೆಂಡಿನ ಆಸುಪಾಸು ಬಾರದಿದ್ದರೆ ಮುಂದೆ ಹೋಗಬೇಡಿ. ಪ್ರತಿ ಮಾದರಿಗೂ ಕನಿಷ್ಠ ಹತ್ತು ಲಕ್ಷ ಎಣಿಕೆ ಬೇಕು. ಎಸ್‌ಡಿಎಸ್ ಎಂಬ ಇನ್ನೊಂದು ಸರ್ಫ್ಯಾಕ್ಟಂಟ್ ಆದರೆ 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಮೋಲ್‌ಗೆ ಮೈಸೆಲ್ ಕಟ್ಟತೊಡಗುತ್ತದೆ. ಅದರ ಕೆಳಗೂ ಮೇಲೂ ಹಲವು ಸಾಂದ್ರತೆಗಳಲ್ಲಿ ಅಳೆಯಿರಿ. ವಿಶ್ಲೇಷಣೆಯಲ್ಲಿ ಪಾಸಿಟ್ರೋನಿಯಂನ ಅಲ್ಪಾಯುವಾದ ಪ್ಯಾರಾ ರೂಪದ ಆಯುಸ್ಸನ್ನು 125 ಪೈಕೋಸೆಕೆಂಡಿಗೆ ಕಟ್ಟಿಹಾಕಿ, ಮೂರು ಆಯುಸ್ಸಿನ ಘಟಕಗಳಿಂದ ಆರಂಭಿಸಿ. ದತ್ತಾಂಶ ಕೇಳದೆ ನಾಲ್ಕನೆಯದನ್ನು ಸೇರಿಸಬೇಡಿ.

ಘನ ಪಾಲಿಮರುಗಳಿಗೆ ಬಳಸುವ ರಂಧ್ರಗಾತ್ರದ ಸೂತ್ರವನ್ನು ಇಲ್ಲಿ ಹಾಗೆಯೇ ಹಾಕುವುದನ್ನು ನಾನು ಒಪ್ಪುವುದಿಲ್ಲ. ದ್ರವದಲ್ಲಿ ಪಾಸಿಟ್ರೋನಿಯಂ ಸುತ್ತಲಿನ ಅಣುಗಳನ್ನು ತಳ್ಳಿ ತನ್ನ ಗುಳ್ಳೆಯನ್ನು ತಾನೇ ಮಾಡಿಕೊಳ್ಳುತ್ತದೆ. ನೀವು ಅಳೆಯುವುದು ಆ ಗುಳ್ಳೆಯನ್ನು, ಮೈಸೆಲ್‌ನ ಗಾತ್ರವನ್ನಲ್ಲ. ಗಾತ್ರ ಬೇಕಿದ್ದರೆ ಅದೇ ಬಾಟಲಿಯ ದ್ರಾವಣವನ್ನು ಅದೇ 30 ಡಿಗ್ರಿಯಲ್ಲಿ ಎಕ್ಸ್-ರೇ ಚದುರಿಕೆಗೂ ಕೊಡಿ.