ಗಾರುಡಿಗರ ಶಾಲೆಗೆ ಮೆಟ್ಟಿಲು ಕಟ್ಟಿದ ಕಥೆ

ನಾಲ್ಕು ವರ್ಷದಿಂದ ಭಾನುವಾರ ಸಂಜೆ ನಮ್ಮ ಮನೆಯ ಊಟದ ಟೇಬಲ್ ಮೇಲೆ ಒಂದು ಆಟ ನಡೆಯುತ್ತಿದೆ. ಆಡುವವರು ಐದು ಜನ, ಕಥೆ ನಡೆಸುವವಳು ನಾನು. ಇಪ್ಪತ್ತು ಮುಖದ ದಾಳ, ಪೆನ್ಸಿಲ್, ಹಾಳೆ, ಒಂದು ಡಬ್ಬಿ ಚಕ್ಕುಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಜಾತಿಯ ಆಟ: ಒಬ್ಬೊಬ್ಬರೂ ಕಥೆಯ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಮಾಡಹೊರಟಿದ್ದು ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಆದರೆ ಲೋಕ ನಾನೇ ಕಟ್ಟಿದ್ದು, ಮಾತು ಪೂರ್ತಿ ಕನ್ನಡದ್ದು. ಆ ಲೋಕದಲ್ಲಿ ಮಂತ್ರ ಕಲಿಸುವ ಶಾಲೆಯೊಂದಿದೆ. ಅಲ್ಲಿ ಹೇಗೆ ಕಲಿಸುತ್ತಾರೆ, ಯಾರು ಯಾರಿಗಿಂತ ಮೇಲೆ ಅನ್ನುವುದನ್ನು ಒಂದು ಹದಕ್ಕೆ ತರಲು ನನಗೆ ಎರಡು ವರ್ಷ ಬೇಕಾಯಿತು. ಮೂರು ಸಲ ಕೆಡವಿ ಕಟ್ಟಿದ್ದೇನೆ.

ಮೊದಲ ಸಲ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದು ಎಕ್ಸೆಲ್ ಶೀಟ್, ಒಂಬತ್ತು ಸಾಲು. ಮಂತ್ರಾಂಕುರದಿಂದ ಶುರುವಾಗಿ ಮಹಾಮಂತ್ರಚೂಡಾಮಣಿಯವರೆಗೆ. ಪ್ರತಿ ಸಾಲಿಗೂ ಇಷ್ಟು ಅಂಕ, ಇಷ್ಟು ಶಕ್ತಿ, ಇಂಥ ಬಣ್ಣದ ನಿಲುವಂಗಿ. ರಾತ್ರಿ ಎರಡು ಗಂಟೆವರೆಗೆ ಕೂತು ಮಾಡಿದ್ದೆ. ಭಾನುವಾರ ಎಲ್ಲರಿಗೂ ಓದಿ ಹೇಳಿದೆ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಕಾಲೇಜು ಹುಡುಗಿ, ಚಕ್ಕುಲಿ ಮುರಿಯುತ್ತಾ ಕೇಳಿದಳು: "ಅಕ್ಕಾ, ಇದೇನು ಸನ್ಮಾನ ಪತ್ರಾನಾ?"

ಹೆಸರು ಬದಲಾಯಿಸಿದರೆ ಆಯಿತು ಅಂದುಕೊಂಡೆ. ನಿಜವಾದ ತೊಂದರೆ ಎರಡು ತಿಂಗಳ ಮೇಲೆ ಗೊತ್ತಾಯಿತು. ತಮ್ಮ ದರ್ಜೆ ಯಾವುದು ಅಂತ ಒಬ್ಬರಿಗೂ ನೆನಪಿರಲಿಲ್ಲ. ಅಂಕ ಸೇರಿತು, ಸಾಲು ಏರಿತು, ಅಷ್ಟೇ. ಊರಿನ ಹೋಟೆಲಿನವನು ಮೊದಲು ಕೊಟ್ಟಷ್ಟೇ ಮರ್ಯಾದೆ ಕೊಡುತ್ತಿದ್ದ, ರಾಜನ ಕಾವಲುಗಾರರು ಮೊದಲಿನ ಹಾಗೇ ತಡೆಯುತ್ತಿದ್ದರು.

ಈ ಗೊಂದಲ ಆಟದ ಹುಟ್ಟಿನಿಂದಲೇ ಬಂದದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ಮಾಂತ್ರಿಕನಿಗೂ ಲೆವೆಲ್, ಮಂತ್ರಕ್ಕೂ ಲೆವೆಲ್, ನೆಲಮಾಳಿಗೆಯ ಅಂತಸ್ತಿಗೂ ಲೆವೆಲ್. ಈಗಿನ ಐದನೇ ಆವೃತ್ತಿಯಲ್ಲೂ ಮೂರನೇ ಲೆವೆಲ್ಲಿನ ಮಂತ್ರ ಬೇಕಾದರೆ ಮಾಂತ್ರಿಕ ಐದನೇ ಲೆವೆಲ್ಲಿಗೆ ಬರಬೇಕು. ಒಂಬತ್ತನೆಯದು ಬೇಕಾದರೆ ಹದಿನೇಳಕ್ಕೆ. ಹೊಸಬರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. 1978ರ ಕೈಪಿಡಿಯಲ್ಲಿ ಒಂದೊಂದು ಮೆಟ್ಟಿಲಿಗೂ ಒಂದೊಂದು ಬಿರುದು ಕೊಟ್ಟಿದ್ದರು. ಮೊದಲನೆಯದು ಪ್ರೆಸ್ಟಿಡಿಜಿಟೇಟರ್, ಅಂದರೆ ಕೈಚಳಕದವನು. ಹನ್ನೊಂದಕ್ಕೆ ಬಂದ ಮೇಲೆ ವಿಝರ್ಡ್. ಮುಂದೆ ಅವನ್ನೆಲ್ಲ ಕೈಬಿಟ್ಟರು. ಆ ಪಟ್ಟಿ ನೋಡಿದಾಗ ನನ್ನ ಮಹಾಮಂತ್ರಚೂಡಾಮಣಿಗೆ ಅಣ್ಣತಮ್ಮಂದಿರು ಸಿಕ್ಕಷ್ಟು ಸಮಾಧಾನವಾಯಿತು.

ಉತ್ತರ ನನ್ನ ಕಣ್ಣೆದುರೇ ಇತ್ತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಎಲ್ಲರಿಗೂ ಒಂದೊಂದು ಬ್ಯಾಂಡ್, ಅಂದರೆ ಹುದ್ದೆಯ ದರ್ಜೆ. ರಾತ್ರಿ ಸರ್ವರ್ ಬಿದ್ದರೆ ಎಲ್ಲರೂ ಫೋನ್ ಮಾಡುತ್ತಿದ್ದುದು ಒಬ್ಬರಿಗೇ. ಅವರು ಆರು ವರ್ಷದಿಂದ ಅದೇ ಬ್ಯಾಂಡಿನಲ್ಲಿದ್ದರು. ಅವರ ಕೆಲಸಕ್ಕೆ ಸಹಿ ಹಾಕುವವರು ಅವರಿಗಿಂತ ಎರಡು ಬ್ಯಾಂಡ್ ಮೇಲೆ. ಶಕ್ತಿ ಬೇರೆ, ದರ್ಜೆ ಬೇರೆ. ಶಕ್ತಿ ನಿನ್ನೊಳಗೆ ಇರುತ್ತದೆ, ದರ್ಜೆಯನ್ನು ಇನ್ನೊಬ್ಬರು ಕೊಡಬೇಕು. ನಾನು ಎರಡನ್ನೂ ಒಂದೇ ಸಾಲಿನಲ್ಲಿ ಹಾಕಿದ್ದೆ.

ಶೀಟ್ ಅಳಿಸಿದೆ. ಶಕ್ತಿಯ ಲೆಕ್ಕ ದಾಳದ ಪಾಲಿಗೆ ಬಿಟ್ಟೆ. ದರ್ಜೆ ಅಂದರೆ ಏನು ಮಾಡಬಹುದು, ಏನು ಮಾಡಬಾರದು, ಎಲ್ಲಿ ಕೂರಬೇಕು, ಇಷ್ಟೇ ಅಂತ ಇಟ್ಟುಕೊಂಡೆ.

ಇದಕ್ಕೆ ಮಾದರಿ ಸಿಕ್ಕಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ. ನಾನು ಕರಾವಳಿಯವಳು, ಚಿಕ್ಕವಳಿದ್ದಾಗ ರಂಗದ ಆಟಕ್ಕಿಂತ ಚೌಕಿ ನೋಡುವುದೇ ನನಗೆ ಇಷ್ಟ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗ ರಂಗಕ್ಕೆ ಹೋಗುವವರು ಕೋಡಂಗಿಗಳು, ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಆಮೇಲೆ ಬಾಲಗೋಪಾಲ. ಆಮೇಲೆ ಪೀಠಿಕೆಯ ಸ್ತ್ರೀವೇಷ. ದೊಡ್ಡ ವೇಷಗಳು ಬರುವಾಗ ರಾತ್ರಿ ಏರಿರುತ್ತದೆ. ಬಣ್ಣ ಹಚ್ಚಿಕೊಳ್ಳಲು ಯಾರು ಎಲ್ಲಿ ಕೂರಬೇಕು ಎಂಬುದಕ್ಕೂ ಕ್ರಮ ಇದೆ. ಕೋಡಂಗಿ ಹುಡುಗ ಎಷ್ಟೇ ಚೆನ್ನಾಗಿ ಕುಣಿಯಲಿ, ಮೇಳದ ಹಿರಿಯ ಕಲಾವಿದನಾದ ಎರಡನೇ ವೇಷಧಾರಿಯ ಜಾಗದಲ್ಲಿ ಹೋಗಿ ಕೂರುವ ಹಾಗಿಲ್ಲ. ಯಾರ ಎದೆಯ ಮೇಲೂ ನಂಬರ್ ಇರುವುದಿಲ್ಲ. ಚೌಕಿಗೆ ಒಂದು ಸಲ ಇಣುಕಿದರೆ ಸಾಕು, ಎಲ್ಲ ಗೊತ್ತಾಗುತ್ತದೆ.

ನನ್ನ ಶಾಲೆಯ ಊಟದ ಪಂಕ್ತಿಯನ್ನು ಹಾಗೆ ಮಾಡಿದೆ. ದರ್ಜೆಗಳಿಗೆ ಸಾದಾ ಹೆಸರು ಇಟ್ಟೆ. ಮೊದಲು ಮಾಂತ್ರಿಕ ಅನ್ನುವ ಪದವನ್ನೇ ಬಿಟ್ಟೆ. ನಮ್ಮ ಕಡೆ ಮಾಂತ್ರಿಕ ಅಂದ ಕೂಡಲೇ ನಿಂಬೆಹಣ್ಣು, ಕುಂಕುಮ, ಮೂರು ದಾರಿ ಸೇರುವ ಜಾಗ ಕಣ್ಣಿಗೆ ಬರುತ್ತದೆ. ಗಾರುಡಿಗ ಅಂದೆ. ಹೊಸದಾಗಿ ಸೇರಿದವನು ಕೇಳುಗ. ಅವನು ಕೇಳಬೇಕು ಅಷ್ಟೇ, ಬರೆದುಕೊಳ್ಳಬಾರದು, ಬಾಯಿ ತೆರೆಯಬಾರದು. ಆಮೇಲೆ ನುಡಿಗ. ಅವನು ಹಿರಿಯರ ಎದುರಿಗೆ ಮಾತ್ರ ಮಂತ್ರ ಹೇಳಬಹುದು. ಆಮೇಲೆ ಅಲೆಮಾರಿ, ಕೈಗೆ ಕೋಲು ಬರುತ್ತದೆ. ಅಲೆದು ಬಂದವನು ಓಜ. ಇದು ನಾನು ಹುಟ್ಟಿಸಿದ ಪದ ಅಲ್ಲ, ಉಪಾಧ್ಯಾಯ ಅನ್ನುವುದು ಸವೆದು ಸವೆದು ಕನ್ನಡದಲ್ಲಿ ಓಜ ಆಗಿದೆ. ಓಜನಾದವನು ಶಿಷ್ಯರನ್ನು ಇಟ್ಟುಕೊಳ್ಳಬಹುದು. ಎಲ್ಲಕ್ಕೂ ಮೇಲೆ ಕಟ್ಟೆಯವರು, ಅಂಗಳದ ಅರಳಿಕಟ್ಟೆಯ ಮೇಲೆ ಕೂರುವ ಒಂಬತ್ತು ಜನ.

ಶಾಲೆಗೆ ಸೇರುವ ಪರೀಕ್ಷೆ ಬಾಗಿಲಲ್ಲೇ. ನಾಳಂದದಲ್ಲಿ ಬಾಗಿಲು ಕಾಯುವವನೇ ಕಷ್ಟದ ಪ್ರಶ್ನೆ ಕೇಳುತ್ತಿದ್ದ, ಹತ್ತರಲ್ಲಿ ಏಳೆಂಟು ಜನ ಅಲ್ಲಿಂದಲೇ ವಾಪಸ್ ಹೋಗುತ್ತಿದ್ದರು ಅಂತ ಏಳನೇ ಶತಮಾನದಲ್ಲಿ ಬಂದ ಹ್ಯೂಯೆನ್ ತ್ಸಾಂಗ್ ಬರೆದಿಟ್ಟಿದ್ದಾನೆ. ನಾನು ಅದನ್ನು ಹಾಗೇ ಎತ್ತಿಕೊಂಡೆ.

ಇನ್ನು ಕಲಿಕೆ. ಇದರಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ವೇದ ಪಾಠದ ಕ್ರಮ. ಬರೆದಿಡದೆ, ಒಂದಕ್ಷರ ಹೆಚ್ಚುಕಮ್ಮಿ ಆಗದ ಹಾಗೆ ಉಳಿಸಿಕೊಳ್ಳಲು ಪದಗಳನ್ನು ಹಿಂದೆ ಮುಂದೆ ಹೆಣೆದು ಹೇಳುತ್ತಾರೆ. ಕ್ರಮ, ಜಟೆ, ಘನ ಅಂತ ಹೆಣಿಗೆ ಬಿಗಿಯಾಗುತ್ತಾ ಹೋಗುತ್ತದೆ. ಘನ ಮುಗಿಸಿದವರು ಘನಪಾಠಿಗಳು. ನಾನು ವೇದ ಮುಟ್ಟಲಿಲ್ಲ, ಹೆಣಿಗೆಯನ್ನು ಮಾತ್ರ ತೆಗೆದುಕೊಂಡೆ. ನಮ್ಮ ಆಟದಲ್ಲಿ ಬಂಡೆ ಕರಗಿಸುವ ಮಂತ್ರಕ್ಕೆ ಮೂರೇ ಪದ: ಕಲ್ಲು, ಕರಗು, ಬೇಗ. ಕ್ರಮದಲ್ಲಿ ಹೇಳಿದರೆ "ಕಲ್ಲು ಕರಗು, ಕರಗು ಬೇಗ". ಬೆಣಚುಕಲ್ಲು ಬಿಸಿಯಾಗುತ್ತದೆ, ಅಷ್ಟೇ. ಜಟೆಯಲ್ಲಿ "ಕಲ್ಲು ಕರಗು, ಕರಗು ಕಲ್ಲು, ಕಲ್ಲು ಕರಗು, ಕರಗು ಬೇಗ, ಬೇಗ ಕರಗು, ಕರಗು ಬೇಗ". ಗೋಡೆ ಬಿರುಕು ಬಿಡುತ್ತದೆ. ಘನ ಶುರುವಾಗುವುದು ಹೀಗೆ: "ಕಲ್ಲು ಕರಗು, ಕರಗು ಕಲ್ಲು, ಕಲ್ಲು ಕರಗು ಬೇಗ, ಬೇಗ ಕರಗು ಕಲ್ಲು, ಕಲ್ಲು ಕರಗು ಬೇಗ". ಬೆಟ್ಟವೇ ದಾರಿ ಬಿಡುತ್ತದೆ.

ಇದನ್ನು ದಾಳಕ್ಕೆ ಬಿಡಲಿಲ್ಲ. ಆಡುವವರೇ ಬಾಯಲ್ಲಿ ಹೇಳಬೇಕು. ಓದುತ್ತಿರುವ ನೀವೂ ಒಂದು ಸಲ ಹೇಳಿ ನೋಡಿ, ಮೂರನೇ ತಿರುವಿನಲ್ಲಿ ನಾಲಿಗೆ ತೊಡರುತ್ತದೆ. ಮೊದಲ ಘನ ಪರೀಕ್ಷೆ ಹುಬ್ಬಳ್ಳಿಯ ನನ್ನ ಗೆಳೆಯನದ್ದು. ಎದ್ದು ನಿಂತು ಕಣ್ಣು ಮುಚ್ಚಿ ಶುರು ಮಾಡಿದ. "ಕಲ್ಲು ಕರಗು ಬೇಗ" ಸಲೀಸಾಗಿ ಬಂತು. "ಬೇಗ ಕಲ್ಲು" ಅಂದುಬಿಟ್ಟ. ನಾನು ದಾಳ ಹಾಕಿ ನೋಡಿ ಹೇಳಿದೆ: ಅವನ ಎಡಗೈ ಮೊಣಕೈವರೆಗೆ ಕಲ್ಲಾಗಿದೆ. "ಏ, ಇದು ಅನ್ಯಾಯ ಐತಿ!" ಅಂತ ಕೂಗಿದ. ಆದರೆ ಮೂರು ತಿಂಗಳು ಚಕ್ಕುಲಿಯನ್ನು ಒಂದೇ ಕೈಯಲ್ಲಿ ತಿಂದ, ಯಾರೂ ಹೇಳದೇ ಇದ್ದರೂ. ಆಟ ಗೆದ್ದಿತು ಅಂತ ನನಗೆ ಅನಿಸಿದ್ದು ಆಗ.

ಅಲೆಮಾರಿ ದರ್ಜೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಇಂಥ ಆಟಗಳಲ್ಲಿ ಯಾವಾಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ಓದಿದವರು ಶಾಲೆಯಲ್ಲಿ ಆರಾಮಾಗಿ ಇರುವುದು ಬಿಟ್ಟು ಕಾಡುಮೇಡು ಯಾಕೆ ಅಲೆಯುತ್ತಾರೆ? ಇದಕ್ಕೆ ಉತ್ತರ ಜರ್ಮನಿಯ ಬಡಗಿಗಳಲ್ಲಿ ಸಿಕ್ಕಿತು. ಯುರೋಪಿನ ಹಳೆಯ ಕಸುಬುದಾರರ ಸಂಘಗಳಲ್ಲಿ ಕಲಿಯುವವನಿಗೂ ಯಜಮಾನನಿಗೂ ನಡುವೆ ಒಂದು ಮೆಟ್ಟಿಲು ಇತ್ತು. ಜರ್ಮನಿಯಲ್ಲಿ ಕೆಲವರು ಈಗಲೂ ಅದನ್ನು ಪಾಲಿಸುತ್ತಾರೆ. ಕಸುಬು ಕಲಿತವನು ಕರಿ ಬಟ್ಟೆ ತೊಟ್ಟು ಮೂರು ವರ್ಷ ಒಂದು ದಿನ ಊರೂರು ತಿರುಗಬೇಕು. ಅಲ್ಲಿಯವರೆಗೆ ಹುಟ್ಟೂರಿನ 50 ಕಿಲೋಮೀಟರ್ ಒಳಗೆ ಕಾಲಿಡಬಾರದು.

ಆ ಒಂದು ದಿನ ನನಗೆ ಬಹಳ ಇಷ್ಟವಾಯಿತು. 50 ಕಿಲೋಮೀಟರನ್ನು ಹತ್ತು ಹರದಾರಿ ಮಾಡಿದೆ, ಬಾಕಿ ಹಾಗೇ ಉಳಿಸಿಕೊಂಡೆ. ಐದೂ ಜನ ಅಲೆಮಾರಿಗಳಾದರು, ಜೊತೆಗೆ ತಿರುಗಲು ಕಾರಣ ತಾನಾಗಿ ಸಿಕ್ಕಿತು.

ಈ ನಿಯಮ ಕಚ್ಚುತ್ತದೆ ಅಂತ ಗೊತ್ತಾಗಿದ್ದು ಬೊಮ್ಮಯ್ಯನ ವಿಷಯದಲ್ಲಿ. ಬೊಮ್ಮಯ್ಯನನ್ನು ಆಡುವವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ನಾವೆಲ್ಲ ಅವರಿಗೆ ಸರ್ ಅಂತೇವೆ. ಎರಡು ವರ್ಷ ಎಂಟು ತಿಂಗಳು ಅಲೆದ ಮೇಲೆ ಬೊಮ್ಮಯ್ಯನಿಗೆ ಉಪ್ಪಿನ ಗಾಡಿಯವನೊಬ್ಬ ಸುದ್ದಿ ತಂದ, ತಾಯಿಗೆ ಹುಷಾರಿಲ್ಲ ಅಂತ. ನನ್ನ ಲೆಕ್ಕದಲ್ಲಿ ಅದು ಒಂದು ಸಣ್ಣ ಅಡ್ಡಿ. ಎಲ್ಲರೂ ಕೂತು ಉಪಾಯ ಹುಡುಕುತ್ತಾರೆ, ಯಾರನ್ನಾದರೂ ಕಳಿಸುತ್ತಾರೆ ಅಂದುಕೊಂಡಿದ್ದೆ. ಸರ್ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಾ ಕೂತರು.

"ಗಡಿ ಕಲ್ಲು ದಾಟಿದರೆ ಏನಾಗತ್ತಮ್ಮ?"

"ಕೋಲು ವಾಪಸ್ ತಗೋತಾರೆ ಸರ್. ಮತ್ತೆ ನುಡಿಗ ಆಗ್ತೀರಿ. ಅಲೆದದ್ದು ಲೆಕ್ಕಕ್ಕಿಲ್ಲ."

"ತಗೊಳ್ಳಲಿ. ನಾನು ಹೋಗ್ತೀನಿ."

ಟೇಬಲ್ ಸುತ್ತ ಯಾರೂ ಮಾತಾಡಲಿಲ್ಲ. ಬೊಮ್ಮಯ್ಯ ಈಗಲೂ ನುಡಿಗ. ಊಟದ ಪಂಕ್ತಿಯಲ್ಲಿ ಹುಡುಗರ ಸಾಲಿನಲ್ಲಿ ಕೂರುತ್ತಾನೆ. ಆದರೆ ಗುಂಪಿಗೆ ಏನೇ ಕಷ್ಟ ಬಂದರೂ ಮೊದಲು ಕೇಳುವುದು ಅವನನ್ನೇ.

ಪಾಸಾಗದವರ ಬಗ್ಗೆ ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಬಾಗಿಲಲ್ಲಿ ಅಷ್ಟು ಜನ, ಘನದಲ್ಲಿ ಇಷ್ಟು ಜನ ಹೊರಗೆ ಉಳಿದರೆ ಅವರೆಲ್ಲ ಎಲ್ಲಿಗೆ ಹೋಗುತ್ತಾರೆ? ಚೀನಾದಲ್ಲಿ ಅಧಿಕಾರಿಗಳನ್ನು ಆರಿಸುವ ಪರೀಕ್ಷೆ ಸುಮಾರು 1300 ವರ್ಷ ನಡೆದು 1905ರಲ್ಲಿ ನಿಂತಿತು. ಅದರಲ್ಲಿ ನಾಲ್ಕು ಸಲ ಫೇಲಾದವನು ಹಾಂಗ್ ಶಿಯುಚುವಾನ್. ಒಂದು ಸಲ ಫೇಲಾಗಿ ಜ್ವರ ಬಂದು ಮಲಗಿದಾಗ ಏನೇನೋ ಕಂಡ. ತಾನು ಯೇಸುವಿನ ತಮ್ಮ ಅಂತ ಆಮೇಲೆ ನಂಬಿದ. ಅವನು ಎಬ್ಬಿಸಿದ ತೈಪಿಂಗ್ ದಂಗೆ 1850ರಿಂದ 1864ರವರೆಗೆ ನಡೆಯಿತು, ಕೋಟಿಗಟ್ಟಲೆ ಜನ ಸತ್ತರು. ಅದನ್ನು ಓದಿದ ರಾತ್ರಿ ನನ್ನ ಕಥೆಯ ಖಳನಾಯಕ ಸಿಕ್ಕಿದ. ಶಾಲೆ ಬಿಟ್ಟವರನ್ನು ನಮ್ಮ ಲೋಕದಲ್ಲಿ ಅರೆಬಾಯಿಗಳು ಅಂತಾರೆ. ಜಟೆಯವರೆಗೆ ಗೊತ್ತು, ಘನ ಗೊತ್ತಿಲ್ಲ. ಹಳ್ಳಿಯಲ್ಲಿ ಬಾವಿಗೆ ನೀರು ತರಿಸುವವರು, ಹಸುವಿನ ಜ್ವರ ಇಳಿಸುವವರು ಅವರೇ. ಕಟ್ಟೆಯವರನ್ನು ಕಣ್ಣಾರೆ ಕಂಡ ರೈತ ಒಬ್ಬನೂ ಇಲ್ಲ. ಈಗ ಅರೆಬಾಯಿಗಳಿಗೆ ಒಬ್ಬ ನಾಯಕ ಬಂದಿದ್ದಾನೆ. ತೊಂದರೆ ಏನೆಂದರೆ, ನಮ್ಮ ಟೇಬಲ್ಲಿನ ಅರ್ಧ ಜನ ಅವನ ಕಡೆ!

ಕಟ್ಟೆಯ ವಿಷಯದಲ್ಲಿ ನಾನು ಒಂದು ದೊಡ್ಡ ಎಡವಟ್ಟು ಮಾಡಿದೆ. ಅದೇ 1978ರ ಕೈಪಿಡಿಯಲ್ಲಿ ಡ್ರೂಯಿಡ್ ಅನ್ನುವ ಕಾಡಿನ ಪೂಜಾರಿಗಳಿಗೆ ಒಂದು ನಿಯಮ ಇತ್ತು. 12ನೇ ಮೆಟ್ಟಿಲಲ್ಲಿ ಒಂಬತ್ತೇ ಜನ, 13ರಲ್ಲಿ ಮೂವರು, 14ರಲ್ಲಿ ಒಬ್ಬನೇ. ಜಾಗ ಖಾಲಿ ಇಲ್ಲದಿದ್ದರೆ ಇದ್ದವನನ್ನು ಹೋರಾಡಿ ಸೋಲಿಸಬೇಕು. ಆ ಒಂಬತ್ತನ್ನು ಹೋರಾಟದ ಸಮೇತ ತಂದುಬಿಟ್ಟೆ. ನಮ್ಮ ಗುಂಪಿನಲ್ಲಿ ಗಂಡ ಹೆಂಡತಿ ಇಬ್ಬರೂ ಆಡುತ್ತಾರೆ. ಅಷ್ಟು ಹೊತ್ತಿಗೆ ಇಬ್ಬರೂ ಓಜರಾಗಿದ್ದರು. ಕಟ್ಟೆಯಲ್ಲಿ ಹೆಂಡತಿಗೆ ಜಾಗ ಸಿಕ್ಕಿತ್ತು. ಗಂಡ ಸವಾಲು ಹಾಕಿ ದಾಳದ ಬಲದಿಂದ ಗೆದ್ದ. ಮನೆಯಲ್ಲಿ ಮೂರು ದಿನ ಮಾತಿಲ್ಲ, ಬುಧವಾರ ನನಗೆ ಇಬ್ಬರಿಂದಲೂ ಬೇರೆ ಬೇರೆ ಫೋನ್.

ಆ ತೀರ್ಪು ರದ್ದು ಮಾಡಿ ಜಾಗ ಖಾಲಿ ಬಿಟ್ಟೆ, ನಿಯಮ ಬದಲಾಯಿಸಿದೆ. ಕಟ್ಟೆ ಏರಬೇಕೆನ್ನುವವರು ತಾವು ಪರೀಕ್ಷೆ ಬರೆಯುವ ಹಾಗಿಲ್ಲ. ತಮಗಿಂತ ಕೆಳಗಿನವರೊಬ್ಬರನ್ನು ಆರು ವಾರ ತಯಾರು ಮಾಡಬೇಕು. ಪರೀಕ್ಷೆ ಆ ಶಿಷ್ಯನಿಗೆ. ಶಿಷ್ಯ ಘನ ಹೇಳಿದರೆ ಗುರುವಿಗೆ ಜಾಗ. ಶಿಷ್ಯನ ಕೈ ಕಲ್ಲಾದರೆ ಗುರು ಪಂಕ್ತಿಯಲ್ಲಿ ಒಂದು ಸಾಲು ಕೆಳಗೆ.

ಬರುವ ಭಾನುವಾರ ಪರೀಕ್ಷೆ. ಗಂಡ ಕಾಲೇಜು ಹುಡುಗಿಯನ್ನು ಶಿಷ್ಯೆ ಮಾಡಿಕೊಂಡಿದ್ದಾನೆ, ಅವಳು ಪಟಪಟ ಹೇಳುತ್ತಾಳೆ. ಹೆಂಡತಿ ಆರಿಸಿಕೊಂಡಿದ್ದು ಬೊಮ್ಮಯ್ಯನನ್ನು. ಈ ಸಲ ಮಂತ್ರಕ್ಕೆ ಐದು ಪದ ಇಟ್ಟಿದ್ದೇನೆ. ನಿನ್ನೆ ಸರ್ ಮನೆಯಿಂದ ಅವರ ಹೆಂಡತಿ ಫೋನ್ ಮಾಡಿದ್ದರು. "ಏನಮ್ಮಾ, ಬೆಳಿಗ್ಗೆ ವಾಕಿಂಗ್ ಹೋದಾಗ ಪಾರ್ಕಿನ ಬಂಡೆ ಮುಂದೆ ನಿಂತು ಇವರು ಕರಗು ಕರಗು ಅಂತಿದ್ದಾರಂತೆ. ಪಕ್ಕದ ಮನೆಯವರು ಡಾಕ್ಟರಿಗೆ ತೋರಿಸಿ ಅಂತಿದ್ದಾರೆ. ನಾನು ಏನಂತ ಹೇಳಲಿ?"