ಎಲೆಕ್ಟ್ರಿಕಲ್ ಅಂಗಡಿಗೆ ಬ್ಯಾಂಕ್ ಸಾಲ: ಪ್ರಾಜೆಕ್ಟ್ ರಿಪೋರ್ಟ್ ನೀವೇ ಬರೆಯಿರಿ

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದಾಗ ವೈರ್‌ಮನ್ ಒಬ್ಬರು ಸ್ವಂತ ಅಂಗಡಿ ಇಡಲು ಸಾಲ ಕೇಳಿಕೊಂಡು ಬಂದಿದ್ದರು. ಎಂಟು ವರ್ಷ ಮನೆಗಳಿಗೆ ವೈರಿಂಗ್ ಮಾಡಿ ಕೈ ಪಳಗಿದವರು. ಅವರು ತಂದಿದ್ದ ಪ್ರಾಜೆಕ್ಟ್ ರಿಪೋರ್ಟ್‌ಗೆ ಹದಿನೆಂಟು ಪುಟ, ಬಣ್ಣದ ರಟ್ಟು, ಸ್ಪೈರಲ್ ಬೈಂಡಿಂಗ್. ಸಲಕರಣೆಗಳ ಪಟ್ಟಿಯಲ್ಲಿ ಮೂರನೆಯ ಸಾಲು: ಹಿಟ್ಟು ಕಲಸುವ ಯಂತ್ರ. ದುಡ್ಡು ತೆಗೆದುಕೊಂಡು ಬರೆದುಕೊಟ್ಟವರು ಯಾವುದೋ ಬೇಕರಿಯ ವರದಿಗೆ ಇವರ ಹೆಸರು ಹಾಕಿದ್ದರು. 'ದಿನಕ್ಕೆ ಎಷ್ಟು ವ್ಯಾಪಾರ ಆಗಬಹುದು?' ಎಂದು ಕೇಳಿದೆ. ಅವರು ಪುಟ ತಿರುವತೊಡಗಿದರು. ಎರಡು ಬೆಡ್‌ರೂಮಿನ ಮನೆಗೆ ಎಷ್ಟು ಕಾಯಿಲ್ ವೈರ್ ಬೇಕು, ಎಷ್ಟು ಸ್ವಿಚ್ ಬೇಕು ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು. ಆ ತಿಳಿವಳಿಕೆಯ ಒಂದು ಸಾಲೂ ವರದಿಯಲ್ಲಿ ಇರಲಿಲ್ಲ. ಅದನ್ನು ಕಾಗದಕ್ಕೆ ಇಳಿಸುವುದು ಹೇಗೆಂದು ನೋಡೋಣ. ಉದಾಹರಣೆಗೆ, ರಾಣೆಬೆನ್ನೂರಿನಂಥ ತಾಲ್ಲೂಕು ಊರಿನಲ್ಲಿ ಒಂದು ಶಟರ್‌ನ ಅಂಗಡಿ ಎಂದಿಟ್ಟುಕೊಳ್ಳಿ.

ಮೊದಲು ಸಾಮಾನಿನ ಪಟ್ಟಿ

ಹೆಚ್ಚಿನವರು ಎಷ್ಟು ಸಾಲ ಸಿಗುತ್ತದೆ ಎಂಬಲ್ಲಿಂದ ಶುರು ಮಾಡುತ್ತಾರೆ. ನೀವು ರ‍್ಯಾಕಿನಿಂದ ಶುರು ಮಾಡಿ. ಬಿಳಿ ಹಾಳೆಯಲ್ಲಿ ಮಳಿಗೆಯ ಚಿತ್ರ ಬರೆದು, ಎಲ್ಲಿ ಏನು ಇಡುತ್ತೀರಿ ಎಂದು ಗುರುತಿಸಿ. 90 ಮೀಟರ್‌ನ ವೈರ್ ಕಾಯಿಲ್‌ಗಳು ಯಾವ ಅಳತೆಯವು ಎಷ್ಟೆಷ್ಟು, ಸ್ವಿಚ್, ಸಾಕೆಟ್, ಎಂಸಿಬಿ, ಪಿವಿಸಿ ಪೈಪ್, ಎಲ್ಇಡಿ ಬಲ್ಬ್, ಫ್ಯಾನ್, ಪಂಪ್‌ಸೆಟ್ ಸ್ಟಾರ್ಟರ್, ಸಬ್‌ಮರ್ಸಿಬಲ್ ಕೇಬಲ್, ಎಲ್ಲವೂ ಬರಲಿ. ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್, ಇನ್ಸುಲೇಶನ್ ಟೇಪ್, ಹೋಲ್ಡರ್‌ನಂಥ ಚಿಲ್ಲರೆ ಸಾಮಾನನ್ನೂ ಬಿಡಬೇಡಿ. ಗಿರಾಕಿ ದಿನಾ ಅಂಗಡಿ ಮೆಟ್ಟಿಲು ಹತ್ತುವುದು ಅವಕ್ಕಾಗಿಯೇ. ದುಬಾರಿ ಫ್ಯಾನ್ಸಿ ಲೈಟುಗಳನ್ನು ಮೊದಲ ವರ್ಷದ ಪಟ್ಟಿಯಿಂದ ಕೈಬಿಡಿ ಎನ್ನುವುದು ನನ್ನ ಸಲಹೆ. ಅವು ನೋಡಲು ಚೆಂದ, ಆದರೆ ಬಂಡವಾಳ ಅಲ್ಲೇ ನೇತಾಡುತ್ತಿರುತ್ತದೆ.

ಪಟ್ಟಿ ಹಿಡಿದು ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಎರಡು ಹೋಲ್‌ಸೇಲ್ ಅಂಗಡಿಗಳಿಂದ ಕೊಟೇಶನ್ ತನ್ನಿ. ಲಿಸ್ಟ್ ಪ್ರೈಸ್ ಬೇರೆ, ಡಿಸ್ಕೌಂಟ್ ಕಳೆದು ನಿಮಗೆ ಬೀಳುವ ದರ ಬೇರೆ. ವರದಿಗೆ ಎರಡನೆಯದು ಬೇಕು. ತಾಮ್ರದ ಬೆಲೆ ಏರಿಳಿದಂತೆ ವೈರ್ ದರವೂ ಬದಲಾಗುವುದರಿಂದ ಕೊಟೇಶನ್‌ನಲ್ಲಿ ದಿನಾಂಕ ಇರಲೇಬೇಕು. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಮಾಡಿಸದಿದ್ದರೆ ಖರೀದಿಯಲ್ಲಿ ಕಟ್ಟಿದ ತೆರಿಗೆ ವಾಪಸ್ ಬಾರದು, ಆದ್ದರಿಂದ ತೆರಿಗೆ ಸೇರಿಸಿದ ದರವನ್ನೇ ಬರೆಯಿರಿ.

ವ್ಯಾಪಾರದ ಅಂದಾಜು

ವರದಿಯ ಜೀವ ಇಲ್ಲಿದೆ. 'ವರ್ಷಕ್ಕೆ 24 ಲಕ್ಷ' ಎಂದು ಬರೆದುಬಿಟ್ಟರೆ ಯಾರೂ ನಂಬುವುದಿಲ್ಲ. ಬಿಡಿಸಿ ಬರೆಯಿರಿ: ಕೌಂಟರ್ ವ್ಯಾಪಾರ ದಿನಕ್ಕೆ 3,000ದಂತೆ 26 ದಿನಕ್ಕೆ 78,000, ತಿಂಗಳಿಗೆ ಎರಡು ಹೊಸ ಮನೆಗಳ ವೈರಿಂಗ್ ಸಾಮಾನು, ತಲಾ 45,000ದಂತೆ 90,000, ಪಂಪ್‌ಸೆಟ್ ಸಾಮಾನು 32,000. ಕೂಡಿಸಿದರೆ ತಿಂಗಳಿಗೆ 2 ಲಕ್ಷ. ಆ ಎರಡು ಮನೆಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೂ ಉತ್ತರ ಇರಲಿ. ನಿಮ್ಮಿಂದ ಸಾಮಾನು ಒಯ್ಯಲು ಒಪ್ಪಿದ ವೈರ್‌ಮನ್‌ಗಳು ಎಷ್ಟು ಜನ, ಯಾವ ಬಡಾವಣೆಯಲ್ಲಿ ಎಷ್ಟು ಮನೆ ಏಳುತ್ತಿವೆ, ಅದೇ ರಸ್ತೆಯಲ್ಲಿ ಈಗಾಗಲೇ ಎಷ್ಟು ಎಲೆಕ್ಟ್ರಿಕಲ್ ಅಂಗಡಿಗಳಿವೆ, ಎಲ್ಲ ಬರೆಯಿರಿ. ಪೈಪೋಟಿ ಮುಚ್ಚಿಡಬೇಡಿ, ಮ್ಯಾನೇಜರ್ ಅದೇ ರಸ್ತೆಯಲ್ಲಿ ದಿನಾ ಓಡಾಡುವವರು.

ವರ್ಷದ ಏರಿಳಿತಕ್ಕೂ ಒಂದು ಪ್ಯಾರಾ ಕೊಡಿ. ಬೇಸಿಗೆಯಲ್ಲಿ ಫ್ಯಾನ್, ಸ್ಟಾರ್ಟರ್ ಹೋಗುತ್ತವೆ. ಆಷಾಢದಲ್ಲಿ ಗೃಹಪ್ರವೇಶ ಇಲ್ಲದ್ದರಿಂದ ಸ್ವಿಚ್, ಲೈಟು ಕೊಳ್ಳುವವರು ಕಡಿಮೆ. ಗಣೇಶನ ಹಬ್ಬದಿಂದ ದೀಪಾವಳಿವರೆಗೆ ಸೀರಿಯಲ್ ಸೆಟ್ ವ್ಯಾಪಾರ. ಹೀಗೆ ಬರೆದವರಿಗೆ ಅಂಗಡಿಯ ಒಳಹೊರಗು ಗೊತ್ತಿದೆ ಎಂಬುದು ಓದುವವರಿಗೆ ಕೂಡಲೇ ತಿಳಿಯುತ್ತದೆ.

ಎಷ್ಟು ಹಣ, ಯಾರ ಹಣ

ಮಳಿಗೆ ಅಡ್ವಾನ್ಸ್ 60,000, ರ‍್ಯಾಕ್ ಮತ್ತು ಕೌಂಟರ್ 90,000, ಬೋರ್ಡ್ ಮತ್ತು ಒಳಗಿನ ಫಿಟಿಂಗ್ 20,000, ಕಂಪ್ಯೂಟರ್ ಮತ್ತು ಬಿಲ್ ಪ್ರಿಂಟರ್ 45,000, ಕ್ಲ್ಯಾಂಪ್ ಮೀಟರ್, ಮೆಗ್ಗರ್, ಡ್ರಿಲ್ಲಿಂಗ್ ಮಷಿನ್ ಸೇರಿ 25,000. ಒಟ್ಟು 2.40 ಲಕ್ಷ. ಇದು ಒಮ್ಮೆ ಹಾಕುವ ಹಣ.

ಅಂಗಡಿ ನಡೆಸಲು ಬೇಕಾಗುವ ದುಡಿಯುವ ಬಂಡವಾಳದ ಲೆಕ್ಕ ಬೇರೆ. ಎರಡೂವರೆ ತಿಂಗಳ ಸ್ಟಾಕ್‌ಗೆ, ಖರೀದಿ ದರದಲ್ಲಿ, 4.10 ಲಕ್ಷ, ವೈರ್‌ಮನ್‌ಗಳಿಗೆ ಕೊಡುವ ಸಾಮಾನಿಗೆ ಒಂದೂವರೆ ತಿಂಗಳ ಉದ್ರಿ 1.35 ಲಕ್ಷ, ಕೈಯಲ್ಲಿ 55,000. ಒಟ್ಟು 6 ಲಕ್ಷ. ಉದ್ರಿಯನ್ನು ಬರೆಯದೆ ಬಿಡುವವರೇ ಹೆಚ್ಚು. ಆಮೇಲೆ ಮೂರನೇ ತಿಂಗಳಿಗೆ ಸಾಮಾನು ತರಲು ದುಡ್ಡಿರುವುದಿಲ್ಲ. ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರ ಬಳಸುತ್ತವೆ. ಅಂದಾಜು ವಾರ್ಷಿಕ ವಹಿವಾಟಿನ ಶೇ 25ರಷ್ಟು ದುಡಿಯುವ ಬಂಡವಾಳ ಬೇಕು ಎಂದು ಲೆಕ್ಕ ಹಿಡಿದು, ಶೇ 20ನ್ನು ಬ್ಯಾಂಕ್ ಕೊಡುತ್ತದೆ, ಶೇ 5 ನೀವು ಹಾಕಬೇಕು. 24 ಲಕ್ಷಕ್ಕೆ ಅದು 4.80 ಲಕ್ಷ ಮತ್ತು 1.20 ಲಕ್ಷ. ನಮ್ಮ ಲೆಕ್ಕಕ್ಕೆ ಸರಿಹೊಂದಿತು.

ಬ್ಯಾಂಕಿನ 4.80 ಲಕ್ಷವನ್ನು ಸಿ.ಸಿ. (ಕ್ಯಾಶ್ ಕ್ರೆಡಿಟ್) ಸಾಲವಾಗಿ ಕೇಳಿ, ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ ಬಡ್ಡಿ. ಅಡ್ವಾನ್ಸನ್ನು ಸ್ವಂತ ಹಣದಿಂದ ಕೊಟ್ಟು, ಉಳಿದ 1.80 ಲಕ್ಷದ ಸಲಕರಣೆಗೆ ಮುಕ್ಕಾಲು ಭಾಗ, ಅಂದರೆ 1.35 ಲಕ್ಷ, ಕಂತಿನಲ್ಲಿ ತೀರಿಸುವ ಟರ್ಮ್ ಲೋನ್ ಕೇಳಿ. ಬ್ಯಾಂಕಿನದು 6.15 ಲಕ್ಷ, ನಿಮ್ಮದು 2.25 ಲಕ್ಷ. ಆ 2.25 ಲಕ್ಷ ಎಲ್ಲಿದೆ ಎಂದು ಪಾಸ್‌ಬುಕ್ಕಿನಲ್ಲಿ ತೋರಿಸುವಂತಿರಬೇಕು.

ಲಾಭ, ಮನೆ ಖರ್ಚು, ಕಂತು

ವೈರ್‌ನಲ್ಲಿ ಲಾಭ ತೆಳು, ಚಿಲ್ಲರೆ ಸಾಮಾನಿನಲ್ಲಿ ಜಾಸ್ತಿ. ಸರಾಸರಿ ಶೇ 18 ಎಂದು ಹಿಡಿದರೆ 4.32 ಲಕ್ಷ, ರಿಪೇರಿ ಕೂಲಿ ತಿಂಗಳಿಗೆ 6,000ದಂತೆ 72,000, ಒಟ್ಟು 5.04 ಲಕ್ಷ. ಬಾಡಿಗೆ 96,000, ಅರ್ಧ ದಿನದ ಸಹಾಯಕರಿಗೆ 84,000, ಕರೆಂಟು ಮತ್ತು ಫೋನು 24,000, ಸಾಗಣೆ 24,000, ವಿಮೆ ಮತ್ತಿತರ 12,000 ಕಳೆದರೆ 2.64 ಲಕ್ಷ ಉಳಿಯಿತು. ಬಡ್ಡಿ ಶೇ 11 ಎಂದಿಟ್ಟುಕೊಂಡರೆ ಮೊದಲ ವರ್ಷ ಸಿ.ಸಿ.ಗೆ 52,800, ಟರ್ಮ್ ಲೋನ್‌ಗೆ ಸುಮಾರು 13,500. ಸವಕಳಿ, ಅಂದರೆ ಸಲಕರಣೆ ಹಳತಾಗಿ ಬೆಲೆ ಇಳಿಯುವುದರ ಲೆಕ್ಕ, 32,750. ನಿವ್ವಳ ಲಾಭ ಸುಮಾರು 1.65 ಲಕ್ಷ.

ಇಲ್ಲಿಗೆ ನಿಲ್ಲಿಸಬೇಡಿ. ತಿಂಗಳಿಗೆ 12,000 ಮನೆ ಖರ್ಚಿಗೆ ತೆಗೆಯುತ್ತೀರಿ ಎಂದು ಬರೆದು, ವರ್ಷದ 1.44 ಲಕ್ಷವನ್ನು ಕಳೆಯಿರಿ. ಸವಕಳಿ ಕೈಯಿಂದ ಹೋಗುವ ದುಡ್ಡಲ್ಲ, ಟರ್ಮ್ ಲೋನ್ ಬಡ್ಡಿ ಕಂತಿನ ಲೆಕ್ಕದಲ್ಲೇ ಬರುತ್ತದೆ, ಆದ್ದರಿಂದ ಉಳಿದದ್ದಕ್ಕೆ ಇವೆರಡನ್ನೂ ಮತ್ತೆ ಕೂಡಿಸಿದರೆ ಸುಮಾರು 67,200. ಐದು ವರ್ಷದ ಸಾಲಕ್ಕೆ ವರ್ಷದ ಅಸಲು 27,000, ಬಡ್ಡಿ 13,500, ಒಟ್ಟು 40,500. 67,200ನ್ನು ಇದರಿಂದ ಭಾಗಿಸಿದರೆ 1.66. ಸಾಲ ತೀರಿಸುವ ಶಕ್ತಿ ತೋರಿಸುವ, ಬ್ಯಾಂಕಿನವರು ಡಿಎಸ್‌ಸಿಆರ್ ಎನ್ನುವ ಈ ಅಂಕಿ ಒಂದೂವರೆಯ ಮೇಲಿದ್ದರೆ ಅವರಿಗೆ ನೆಮ್ಮದಿ. ಮನೆ ಖರ್ಚು ಕಳೆಯದಿದ್ದರೆ 5.2 ಬರುತ್ತದೆ. ಕಾಗದದ ಮೇಲೆ ಅದು ಭರ್ಜರಿ, ಆದರೆ ಊಟ ಮಾಡದೆ ಯಾರೂ ಅಂಗಡಿ ನಡೆಸಲಾರರು. ನಿಮ್ಮ ಸಂಸಾರಕ್ಕೆ 12,000 ಸಾಲದು ಎಂದಾದರೆ ಈಗಲೇ ಲೆಕ್ಕ ತಿದ್ದಿ: ಸಹಾಯಕರ ಬದಲು ಮನೆಯವರೇ ಕೂರುತ್ತಾರೋ, ರಿಪೇರಿ ಕೆಲಸ ಹೆಚ್ಚಿಸುತ್ತೀರೋ ಯೋಚಿಸಿ.

ಯೋಜನೆ ಮತ್ತು ಕಾಗದಪತ್ರ

ಬ್ಯಾಂಕಿನಿಂದ ಕೇಳುವ 6.15 ಲಕ್ಷ, ಸಣ್ಣ ವ್ಯಾಪಾರಿಗಳ ಸಾಲಕ್ಕಾಗಿ ಕೇಂದ್ರ ಸರ್ಕಾರ ತಂದ ಮುದ್ರಾ ಯೋಜನೆಯ 'ತರುಣ್' ವರ್ಗಕ್ಕೆ, ಅಂದರೆ 5ರಿಂದ 10 ಲಕ್ಷದೊಳಗೆ ಬರುತ್ತದೆ. ಮನೆ, ಹೊಲ ಅಡ ಇಡಬೇಕಿಲ್ಲ. ಸಾಲದಿಂದ ಕೊಂಡ ಸಾಮಾನಿನ ಮೇಲೆ ಬ್ಯಾಂಕಿನ ಹಕ್ಕಿರುತ್ತದೆ. ಸಬ್ಸಿಡಿ ಇರುವ ಪಿಎಂಇಜಿಪಿಯಲ್ಲಿ (ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಮೊದಲ ಸಲದ ಸಾಲ ಹೊಸ ಘಟಕಗಳಿಗೆ ಮಾತ್ರ. ಮೋಟಾರ್ ರಿವೈಂಡಿಂಗ್‌ನಂಥ ಸೇವೆಯನ್ನೇ ಮುಖ್ಯವಾಗಿಸುವ ಯೋಚನೆ ಇದ್ದರೆ, ಶಟರ್ ಎತ್ತುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆಗಳಲ್ಲಿವೆ. ತರಬೇತಿ ಉಚಿತ, ವರದಿ ಬರೆಯುವುದನ್ನೂ ಹೇಳಿಕೊಡುತ್ತಾರೆ.

ವರದಿಗೆ ಆಧಾರ್, ಪ್ಯಾನ್, ಬಾಡಿಗೆ ಕರಾರು, ನಗರಸಭೆಯ ಪರವಾನಗಿ, ಸಣ್ಣ ಉದ್ಯಮಗಳಿಗಿರುವ 'ಉದ್ಯಮ್' ನೋಂದಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕೊಟೇಶನ್, ಐಟಿಐ ಅಥವಾ ವೈರ್‌ಮನ್ ಪ್ರಮಾಣಪತ್ರ ಲಗತ್ತಿಸಿ. ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಹಳೆಯ ಬೈಕ್ ಸಾಲವೋ ಫೋನಿನ ಕಂತೋ ಬಾಕಿ ಇದ್ದರೆ ಮೊದಲು ತೀರಿಸಿ. ಹಳೆಯ ಸಾಲಗಳ ದಾಖಲೆಯಾದ ಸಿಬಿಲ್‌ ವರದಿಯಲ್ಲಿ ಅದು ಕಂಡೇ ಕಾಣುತ್ತದೆ.

ಇಷ್ಟೂ ಏಳೆಂಟು ಪುಟಕ್ಕೆ ಮುಗಿಯುತ್ತದೆ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಸ್ವೀಕೃತಿ ಪಡೆಯಿರಿ. ಮ್ಯಾನೇಜರ್ ಮಳಿಗೆ ನೋಡಲು ಬಂದ ದಿನ ಇನ್ನೊಂದು ಪ್ರತಿ ಕೈಯಲ್ಲಿರಲಿ. ವೈರ್ ರ‍್ಯಾಕ್ ಯಾವ ಗೋಡೆಗೆ, ಕೌಂಟರ್ ಎಲ್ಲಿಗೆ ಬರುತ್ತದೆ ಎಂದು ಅಲ್ಲೇ ನಿಂತು ತೋರಿಸಿ.