ಕ್ಯಾನ್ಸರ್ ಔಷಧಿಗೆ ಇನ್ಶೂರೆನ್ಸ್ ಡಿನಯಲ್: ಅಮೆರಿಕದಲ್ಲಿ ಅಪೀಲ್ ಗೆದ್ದ ನನ್ನ ಅನುಭವ

‘ಲಾಯರ್ ಹಿಡಿ, ಇಲ್ಲವೇ ಬೆಂಗಳೂರಿಗೆ ಟಿಕೆಟ್ ತೆಗಿ.’ ಇಲ್ಲಿನ ನಮ್ಮವರು ಕೊಟ್ಟ ಸಲಹೆ ಇವೆರಡೇ. ಎರಡೂ ಬೇಕಾಗಲಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ಗೆ ಡಾಕ್ಟರು ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿ ಬರೆದಿದ್ದರು, ಇನ್ಶೂರೆನ್ಸ್‌ನವರು ನಿರಾಕರಿಸಿದ್ದರು. 200 ಮಿಲಿಗ್ರಾಂ ಡೋಸಿನ ಪಟ್ಟಿ ಬೆಲೆಯೇ ಹನ್ನೊಂದು ಸಾವಿರ ಡಾಲರ್ ಮೇಲೆ, ಅದೂ ಮೂರು ವಾರಕ್ಕೊಂದು. ಆಸ್ಪತ್ರೆ ಬಿಲ್ಲಿನಲ್ಲಿ ಇನ್ನೂ ಉಬ್ಬಿರುತ್ತದೆ. ಹಠ ಹಿಡಿಯಲು ಅಷ್ಟು ಸಾಕು.

ಮೊದಲು ಪ್ಲಾನ್ ಸೆಲ್ಫ್ ಫಂಡೆಡ್ಡೋ ಅಲ್ಲವೋ ನೋಡಿ. ದೊಡ್ಡ ಟೆಕ್ ಕಂಪನಿಗಳದ್ದು ಬಹುಮಟ್ಟಿಗೆ ಅದೇ. ಕಾರ್ಡಿನ ಮೇಲೆ ಯಾವ ಇನ್ಶೂರೆನ್ಸ್ ಹೆಸರಿದ್ದರೂ ದುಡ್ಡು ಕೊಡುವುದು ಕೆಲಸ ಕೊಟ್ಟವರು, ಅನ್ವಯಿಸುವುದು ರಾಜ್ಯದ ಕಾನೂನಲ್ಲ, ಎರಿಸಾ ಎಂಬ ಫೆಡರಲ್ ಕಾನೂನು. ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ ದೂರು ಕೊಟ್ಟು ಕೂತರೆ ‘ನಮ್ಮ ವ್ಯಾಪ್ತಿಯಲ್ಲ’ ಅನ್ನುವ ಉತ್ತರಕ್ಕೇ ವಾರಗಟ್ಟಲೆ ಹೋಗುತ್ತದೆ. ಎಚ್‌ಆರ್‌ಗೆ ಬರೆದು ಪ್ಲಾನ್ ಡಾಕ್ಯುಮೆಂಟ್ ಕೇಳಿ. 30 ದಿನದೊಳಗೆ ಕೊಡದಿದ್ದರೆ ದಿನಕ್ಕೆ 110 ಡಾಲರ್‌ವರೆಗೆ ದಂಡ ಬೀಳಬಹುದು. ಆ ಮಾತನ್ನು ಪತ್ರದ ಕೊನೆಯಲ್ಲಿ ಮೆಲ್ಲಗೆ ಸೇರಿಸಿದರೆ ಉತ್ತರ ಬೇಗ ಬರುತ್ತದೆ. ಇನ್ಶೂರೆನ್ಸ್‌ನವರಿಂದ ಕ್ಲೇಮ್ ಫೈಲನ್ನೂ, ಯಾವ ಕ್ಲಿನಿಕಲ್ ಪಾಲಿಸಿ ಹಿಡಿದು ನಿರಾಕರಿಸಿದರೋ ಅದನ್ನೂ ತರಿಸಿ. ಬಿಟ್ಟಿಯಾಗಿ ಕೊಡಲೇಬೇಕು.

ಫೋನ್ ಕರೆಗಳಿಂದ ಏನೂ ಹುಟ್ಟುವುದಿಲ್ಲ. ‘ಈ ಔಷಧಿ ರೋಗಿಗೆ ಅತ್ಯಗತ್ಯ’ ಎಂದು ಡಾಕ್ಟರ ಆಫೀಸಿನಿಂದ ಹೋಗುವ ಸಿದ್ಧಪತ್ರವೂ ಬಿದ್ದುಹೋಗುತ್ತದೆ, ಏಕೆಂದರೆ ರಿವ್ಯೂ ಮಾಡುವವರ ಮುಂದಿರುವುದು ಚೆಕ್‌ಲಿಸ್ಟ್. ಕೀಮೋ ಇಲ್ಲದೆ ಈ ಔಷಧಿಯೊಂದನ್ನೇ ಕೊಡುವುದಾದರೆ ಅವರು ಹುಡುಕುವುದು ಸ್ಟೇಜ್, ಪಿಡಿ-ಎಲ್1 (ಗೆಡ್ಡೆಯಲ್ಲಿರುವ ಒಂದು ಪ್ರೋಟೀನ್) ಅಂಕ, ಇಜಿಎಫ್‌ಆರ್ ಮತ್ತು ಎಎಲ್‌ಕೆ ಎಂಬ ಜೀನ್‌ಗಳಲ್ಲಿ ಬದಲಾವಣೆ ಇಲ್ಲ ಎನ್ನುವ ನೆಗೆಟಿವ್ ರಿಪೋರ್ಟ್. ಈ ರಿಪೋರ್ಟುಗಳು ಹೊರಗಿನ ಲ್ಯಾಬಿನಿಂದ ತಡವಾಗಿ ಬಂದು ಪೋರ್ಟಲ್‌ನಲ್ಲೇ ಕೂತಿರುತ್ತವೆ, ಪ್ರಯರ್ ಆಥರೈಸೇಶನ್ (ಇನ್ಶೂರೆನ್ಸ್‌ನವರ ಮುಂಗಡ ಒಪ್ಪಿಗೆ) ಕೇಳುವ ಫ್ಯಾಕ್ಸ್ ಅಷ್ಟರಲ್ಲಿ ಹೊರಟಿರುತ್ತದೆ. ಕ್ಲೇಮ್ ಫೈಲ್ ತೆರೆದರೆ ಕಂಡದ್ದೂ ಅದೇ. ಜೊತೆಗೆ ಡಯಾಗ್ನೋಸಿಸ್ ಕೋಡ್ ಸಿ34.90, ಅಂದರೆ ಯಾವ ಭಾಗ ಎಂದು ಹೇಳದ್ದು. ಪೆಥಾಲಜಿಯಲ್ಲಿ ಬಲಗಡೆಯ ಮೇಲಿನ ಹಾಲೆ ಎಂದು ಸ್ಪಷ್ಟವಾಗಿತ್ತು: ಸಿ34.11.

ಪತ್ರ ಒಂದೇ ಪುಟ. ಎಡಕ್ಕೆ ಅವರದೇ ಪಾಲಿಸಿಯ ಷರತ್ತು, ಅವರದೇ ಪದಗಳಲ್ಲಿ. ಬಲಕ್ಕೆ ನಮ್ಮ ರಿಪೋರ್ಟಿನ ಪುಟಸಂಖ್ಯೆ. ಪಿಡಿ-ಎಲ್1 ಶೇ. 50 ಅಥವಾ ಮೇಲಿದ್ದರೆ ಕ್ಯಾನ್ಸರ್ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಎನ್‌ಸಿಸಿಎನ್ ಇದನ್ನು ಕೆಟಗರಿ 1, ಅಂದರೆ ಅತಿ ಗಟ್ಟಿ ಪುರಾವೆಯ ಶಿಫಾರಸು ಎನ್ನುತ್ತದೆ; ಆ ಪುಟವನ್ನೂ ಲಗತ್ತಿಸಿ. ಕಣ್ಣೀರು, ಮಕ್ಕಳ ವಯಸ್ಸು, ಇವಕ್ಕೆ ಕೋಡ್ ಇಲ್ಲ. ಲಗತ್ತುಗಳನ್ನು ಜೋಡಿಸುವ ಕ್ರಮದಲ್ಲೊಂದು ಗುಟ್ಟಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ತಡವಾದರೆ ಜೀವಕ್ಕೆ ಅಪಾಯ ಎಂದು ಚಿಕಿತ್ಸೆ ಕೊಡುವ ಡಾಕ್ಟರು ಬರೆದರೆ ಪ್ಲಾನ್ ಅದನ್ನು ತುರ್ತು ಎಂದೇ ಪರಿಗಣಿಸಬೇಕು. ಆಗ ಉತ್ತರಿಸಲು ಅವರಿಗಿರುವ ಗಡುವು 30 ದಿನವಲ್ಲ, 72 ಗಂಟೆ. ತುರ್ತು ಎಕ್ಸ್‌ಟರ್ನಲ್ ರಿವ್ಯೂಗೂ (ಹೊರಗಿನ ಸ್ವತಂತ್ರ ಪರಿಶೀಲನೆ) ಅದೇ ಹೊತ್ತಿಗೆ ಅರ್ಜಿ ಹಾಕಬಹುದು. ಇದು ಎಷ್ಟೋ ಡಾಕ್ಟರ ಆಫೀಸಿಗೇ ಗೊತ್ತಿರುವುದಿಲ್ಲ. ತುರ್ತಿಲ್ಲದ ಕೇಸಿನಲ್ಲಿ ಪ್ಲಾನ್ ಒಳಗಿನ ಅಪೀಲು ಹಾಕಲು ನಿಮಗೆ 180 ದಿನ, ಅದೂ ಸೋತರೆ ಎಕ್ಸ್‌ಟರ್ನಲ್‌ಗೆ ಹಾಕಲು ನಾಲ್ಕು ತಿಂಗಳು. ನಿಮ್ಮ ಡಾಕ್ಟರು ಇನ್ಶೂರೆನ್ಸ್‌ನ ಡಾಕ್ಟರ ಜೊತೆ ಮಾತಾಡುವ ಪಿಯರ್ ಟು ಪಿಯರ್ ಕರೆಯಲ್ಲಿ ಆ ಕಡೆ ಆಂಕಾಲಜಿಸ್ಟೇ ಇರಲಿ ಎಂದು ಬರವಣಿಗೆಯಲ್ಲಿ ಕೇಳಿ. ಕರೆಗೆ ನೇರ ನಂಬರ್ ಹಿಡಿದದ್ದು ಹೇಗೆಂದು ಬರೆದರೆ ಆ ದಾರಿಯನ್ನೂ ಮುಚ್ಚಿಬಿಡುತ್ತಾರೆ.

ಗೆದ್ದ ಮೇಲೂ ಐಟಮೈಸ್ಡ್ ಬಿಲ್ ಬಿಡಬೇಡಿ. ಈ ಔಷಧಿಯ ಬಿಲ್ಲಿಂಗ್ ಕೋಡ್ ಜೆ9271ರಲ್ಲಿ ಒಂದು ಯೂನಿಟ್ ಅಂದರೆ 1 ಮಿಲಿಗ್ರಾಂ, ಹಾಗಾಗಿ 200 ಯೂನಿಟ್ ಸರಿ. ಡ್ರಿಪ್ ಅರ್ಧ ಗಂಟೆಯದು, ಮೊದಲ ಗಂಟೆಯ ಕೋಡ್ 96413 ಒಂದೇ ಸಾಕು. ಪಕ್ಕದಲ್ಲಿ ಹೆಚ್ಚುವರಿ ಗಂಟೆಯ 96415 ಕಂಡರೆ ಪ್ರಶ್ನಿಸಿ. ಮೊದಲ ಗಂಟೆ ಮುಗಿದು ಮತ್ತೆ 30 ನಿಮಿಷಕ್ಕಿಂತ ಹೆಚ್ಚು ಹರಿದರೆ ಮಾತ್ರ ಅದು ಬರಬೇಕು. ನಾನ್‌ಪ್ರಾಫಿಟ್ ಆಸ್ಪತ್ರೆಯಾದರೆ ಮೊದಲ ಬಿಲ್ಲಿನಿಂದ 240 ದಿನದವರೆಗೆ ಫೈನಾನ್ಷಿಯಲ್ ಅಸಿಸ್ಟೆನ್ಸ್‌ಗೆ ಅರ್ಜಿ ಹಾಕಲು ಅವಕಾಶವಿದೆ.

ಸಂಬಂಧವಿಲ್ಲದ ಇನ್ನೊಂದು ಪ್ರಯೋಗ: ಸ್ನೇಹಿತರೊಬ್ಬರ ಇಮಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆ. ಜೆನೆರಿಕ್ ಆಗಿ ವರ್ಷಗಳಾದರೂ ಕೋಪೇ (ರೋಗಿ ಕೈಯಿಂದ ಕೊಡುವ ಪಾಲು) ನೂರಾರು ಡಾಲರ್. ಕಾರ್ಡ್ ತೋರಿಸದೆ, ಆನ್‌ಲೈನ್ ಫಾರ್ಮಸಿಯಲ್ಲಿ ನಗದು ಬೆಲೆಗೆ ತರಿಸಿದಾಗ ತಿಂಗಳಿಗೆ ಐವತ್ತರೊಳಗೆ ಮುಗಿಯಿತು. ಆ ದುಡ್ಡು ಡಿಡಕ್ಟಿಬಲ್‌ಗೆ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನಾವೇ ಕಟ್ಟಬೇಕಾದ ವರ್ಷದ ಮೊತ್ತ) ಸೇರಲಿಲ್ಲ. ಸ್ಕ್ಯಾನ್‌ಗಳಲ್ಲೇ ಡಿಡಕ್ಟಿಬಲ್ ಮುಗಿಯುವವರಿಗೆ ಅದೇನೂ ನಷ್ಟವಲ್ಲ.